ಇಪ್ಪತ್ತೆರಡನೆಯ ಕಾಲಂ

ಮೊನ್ನೆ ಪುತ್ತೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಅಳತೆ ಟೇಪು ಕೊಳ್ಳಲು ಹೋಗಿದ್ದೆ. ಅಟ್ಟದಿಂದ ಡಬ್ಬಿ ಇಳಿಸುತ್ತಿದ್ದವರ ಕೈ ಜಾರಿ ಒಂದು ನೆಲಕ್ಕೆ ಬಿತ್ತು. ಮುಚ್ಚಳ ಹಾರಿ ರೆಡ್ ಆಕ್ಸೈಡ್ ಚೆಲ್ಲಿತು. ಕಬ್ಬಿಣಕ್ಕೆ ಮೊದಲ ಕೋಟು ಹೊಡೆಯುವ ಇಟ್ಟಿಗೆ ಬಣ್ಣದ ಪೈಂಟು. ಅಂಗಡಿಯ ಯಜಮಾನರು "ಮುಟ್ಬೇಡಿ, ಮೊದ್ಲು ಗೋಣಿ ತನ್ನಿ ಮಾರಾಯ್ರೆ" ಎಂದು ಬೊಬ್ಬೆ ಹಾಕುತ್ತಿದ್ದರು. ನಾನು ಟೇಪು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಆ ವಾಸನೆಗೆ ಕೊಯಿಲ ದಾಟಿ ಒಳಗೆ ಹೋದರೆ ಸಿಗುವ ಒಂದು ಹೊಳೆ, ಅದರ ಮೇಲಿನ ಕಬ್ಬಿಣದ ಕಾಲುಸೇತುವೆ, ನಮ್ಮ ಕಡೆಯ ಮಾತಿನಲ್ಲಿ ಸಂಕ, ಹಸಿ ಪೈಂಟು ಮೆತ್ತಿದ ನನ್ನ ತೋರುಬೆರಳು ಎಲ್ಲ ಒಟ್ಟಿಗೆ ಬಂದವು.

ಅದೇ ಕ್ಷಣಕ್ಕೆ ದಿನಕರಣ್ಣನ ಫೋನ್ ಬಂತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಸುಳ್ಳು. ಫೋನ್ ಬಂದದ್ದು ಹಿಂದಿನ ದಿನ ಮಧ್ಯಾಹ್ನ, ನಾನು ಊಟಕ್ಕೆ ಕೂತಿದ್ದಾಗ.

"ಓಯ್ ವಕೀಲೆ, ನೆನಪುಂಟಾ? ಸಂಕದ ಸರ್ವೆ ಪುನಃ ಬಂದುಂಟು. ಈಗ ನಿಂಗೆ ಲೈಸೆನ್ಸ್ ಆಯ್ತಲ್ಲ. ನೀನು ಬಿಸಿಲಿಗೆ ಬರುದು ಬೇಡ. ಸೀಲ್ ಮಾತ್ರ ಕೊಡು, ಸಾಕು."

ಊಟ ಮುಗಿಸಿ ಹೇಳುತ್ತೇನೆ ಎಂದೆ. ಆ ಉತ್ತರದ ಹಿಂದೆ ಒಂದು ಇಡೀ ಬೇಸಿಗೆ ಉಂಟು. ಅದನ್ನು ಹೇಳಿಬಿಡುತ್ತೇನೆ.

ಸುಳ್ಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಹೊರಬಿದ್ದ ವರ್ಷ ಅದು. ಕಾಲೇಜಿನಲ್ಲಿ ನಾನು ಗಳಿಸಿದ್ದು ಎರಡು: ನಡುಮಟ್ಟದ ಅಂಕಪಟ್ಟಿ, ಚರ್ಚಾಸ್ಪರ್ಧೆಯ ಶೀಲ್ಡುಗಳು. ಮನೆಯ ಶೋಕೇಸಿನಲ್ಲಿ ಶೀಲ್ಡುಗಳನ್ನು ಒರೆಸಿ ಒರೆಸಿ ಸಾಕಾದ ಅಮ್ಮ ಅರೆಭಾಷೆಯಲ್ಲಿ ಕೇಳುತ್ತಿದ್ದಳು, "ನಿನ್ನ ಬಾಯಿಗೆ ಒಂದು ಬೀಗ ಉಟ್ಟಾ, ಇಲ್ಲೆನಾ?" ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಎಂಜಿನಿಯರುಗಳ ಕಚೇರಿಗಳಿಗೆ ಅಲೆದೆ. ಅನುಭವ ತನ್ನಿ ಎಂದರು. ಅನುಭವಕ್ಕೆ ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ ವಾದ ಮಾಡುವವರು ಬೇಡ ಎಂದರು. ಕೊನೆಗೆ ಸಿಕ್ಕವರು ಪುತ್ತೂರಿನ ದಿನಕರಣ್ಣ.

ದಿನಕರಣ್ಣನದು ಜನ ಒದಗಿಸುವ ಏಜೆನ್ಸಿ. ಸರ್ಕಾರಿ ಕಚೇರಿಗಳಿಗೆ ವಾಚ್‌ಮನ್, ಡ್ರೈವರ್, ಕಸ ಗುಡಿಸುವವರು, ಕಂಪ್ಯೂಟರಿನಲ್ಲಿ ಮಾಹಿತಿ ತುಂಬುವವರು, ಹೀಗೆ ಯಾರು ಬೇಕಾದರೂ ಅವರ ಹತ್ತಿರ ಸಿಗುತ್ತಿದ್ದರು. ಕೆಟ್ಟ ಮನುಷ್ಯ ಅಲ್ಲ. ತನ್ನ ವಾಚ್‌ಮನ್‌ಗಳಿಗೆ ಮಳೆಗಾಲಕ್ಕೆ ಮೊದಲೇ ರೈನ್‌ಕೋಟು ಕೊಡುತ್ತಿದ್ದ ಏಕೈಕ ಏಜೆನ್ಸಿ ಮಾಲೀಕ. ನನ್ನ ಸರ್ಟಿಫಿಕೇಟುಗಳನ್ನು ತಿರುವಿ ನೋಡಿ, "ಬಿಇ ಆದವಳು ಸಿಕ್ಕಿದ್ದು ಚಾನ್ಸ್" ಎಂದು ನಕ್ಕರು. ಕೊರಳಿಗೆ ಹಾಕಿದ ಕಾರ್ಡಿನಲ್ಲಿ ಮಾತ್ರ 'ಡಾಟಾ ಎಂಟ್ರಿ ಆಪರೇಟರ್' ಎಂದಿತ್ತು.

ಕೆಲಸ ಇಷ್ಟು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಹೊಳೆ ತೋಡುಗಳ ಮೇಲಿರುವ ಕಾಲುಸಂಕಗಳ ಹತ್ತಿರ ಹೋಗಬೇಕು, ಫೋಟೋ ತೆಗೆಯಬೇಕು, ಉದ್ದ ಅಗಲ ಅಳೆಯಬೇಕು, ಇಲಾಖೆ ಕೊಟ್ಟ ಟ್ಯಾಬಿನಲ್ಲಿ ಇಪ್ಪತ್ತೆರಡು ಕಾಲಂ ತುಂಬಬೇಕು. ಊರಿನ ಹೆಸರು, ಕಟ್ಟಿದ ವರ್ಷ, ಕಬ್ಬಿಣವೋ ಕಾಂಕ್ರೀಟೋ, ದಿನಕ್ಕೆ ಎಷ್ಟು ಜನ ದಾಟುತ್ತಾರೆ ಇತ್ಯಾದಿ. ಇಪ್ಪತ್ತೊಂದನೆಯದು ಷರಾ. ಇಪ್ಪತ್ತೆರಡನೆಯದು: 'ಸಂಕವು ಸಂಚಾರಕ್ಕೆ ಯೋಗ್ಯವೇ? ಹೌದು / ಇಲ್ಲ.' ಎರಡರಲ್ಲಿ ಒಂದನ್ನು ಒತ್ತದೆ ಫಾರಂ ಮುಂದೆ ಹೋಗುವುದಿಲ್ಲ.

ಏಪ್ರಿಲಿನಲ್ಲಿ ಶುರು ಮಾಡಿದೆ. ಬಸ್ಸಿಳಿದು ಆಟೋ, ಆಟೋ ಇಳಿದು ನಡಿಗೆ. ಹೋದಲ್ಲೆಲ್ಲ ಎಳನೀರಿನ ಬೊಂಡ ಕೆತ್ತಿ ಕೊಟ್ಟರು, ಪುನರ್ಪುಳಿ ಶರಬತ್ತು ಕೊಟ್ಟರು. ಕೆದಂಬಾಡಿ ಕಡೆ ಒಬ್ಬರು ನನ್ನನ್ನು ಜನಗಣತಿಯವಳೆಂದು ತಿಳಿದು ಮನೆಯ ನಾಯಿಯ ಹೆಸರನ್ನೂ ಬರೆಸಿದರು. ಸೆಕೆಗೆ ಟ್ಯಾಬ್ ಬಿಸಿಯಾಗಿ ಆರಿಹೋಗುತ್ತಿತ್ತು. ಅದನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ನಡೆಯುವುದು ಕಲಿತೆ. ಇಪ್ಪತ್ತೆರಡನೆಯ ಕಾಲಂ ಬಂದಾಗ ಏನು ಮಾಡುತ್ತಿದ್ದೆ? ಸಂಕದ ಮೇಲೆ ಆಚೆ ಈಚೆ ನಡೆದು, ಸಣ್ಣಗೆ ಎರಡು ಸಲ ಹಾರಿ, 'ಹೌದು' ಒತ್ತುತ್ತಿದ್ದೆ. ಹಾಗೆ ಮೂವತ್ತೆಂಟು ಸಲ. ಎಲ್ಲರ ಮಾತಿಗೂ ಆಧಾರ ಕೇಳುವ ನಾನು ನನ್ನ ಬೆರಳಿಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ.

ಮೂವತ್ತೊಂಬತ್ತನೆಯದು ಉಮ್ಮರಾಕನ ಸಂಕ. ಸಂಕ ಸರ್ಕಾರದ್ದೇ, ಆದರೆ ಊರಿನವರು ಹಾಗೇ ಕರೆಯುತ್ತಿದ್ದರು. ಎರಡು ಕಬ್ಬಿಣದ ಗರ್ಡರುಗಳು ಈ ದಡದಿಂದ ಆ ದಡಕ್ಕೆ, ಅದರ ಮೇಲೆ ತಗಡಿನ ಹಾಸು, ಎರಡೂ ಬದಿ ಹಿಡಿಕೆ. ಉಮ್ಮರಾಕ ಸೌದಿಯಲ್ಲಿ ಇಪ್ಪತ್ತು ವರ್ಷ ವೆಲ್ಡರಾಗಿದ್ದು ಊರಿಗೆ ಮರಳಿದ ಬ್ಯಾರಿ. ಸಂಕದ ಆಚೆ ಬದಿಯ ಮೊದಲ ಮನೆ ಅವರದು. ಹಿಡಿಕೆ ಸಡಿಲಾದರೆ, ತಗಡು ಎದ್ದರೆ ಅವರೇ ಹೋಗಿ ಬೆಸೆಯುತ್ತಿದ್ದರು. ನಾನು ಬರುವ ಸುದ್ದಿ ಪಂಚಾಯತಿನಿಂದ ಮೊದಲೇ ತಲುಪಿತ್ತು. ಇಡೀ ಸಂಕ ಹೊಸ ರೆಡ್ ಆಕ್ಸೈಡ್ ಬಳಿದುಕೊಂಡು ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಬೆರಳಿಟ್ಟೆ, ಅಂಟಿತು.

"ಒಣಗ್ಲಿಲ್ಲ ಮೇಡಂ. ನಿನ್ನೆ ಸಂಜೆ ಆದದ್ದು" ಎಂದರು ಉಮ್ಮರಾಕ. ಬಿಳಿ ಲುಂಗಿಯ ಅಂಚಿಗೂ ಪೈಂಟು ತಾಗಿತ್ತು. ನೆಂಟರು ಬರುತ್ತಾರೆಂದರೆ ಅಂಗಳ ಗುಡಿಸುವ ಊರು ನಮ್ಮದು. ನನಗೆ ಖುಷಿಯೇ ಆಯಿತು.

ನಡೆದೆ, ಹಾರಿದೆ, 'ಹೌದು' ಒತ್ತಿದೆ. ನೆಟ್‌ವರ್ಕ್ ಇರಲಿಲ್ಲ, ಫಾರಂ ಟ್ಯಾಬಿನಲ್ಲೇ ತಿರುಗುತ್ತಾ ಉಳಿಯಿತು.

"ಮೇಡಂ, ಪಾಸಾ?"

"ಪಾಸು ಕಾಕ."

"ಅಲ್‌ಹಮ್ದುಲಿಲ್ಲಾ. ಹಾಗಾದ್ರೆ ಸೀಲ್ ಹಾಕಿ ಒಂದು ಕಾಗದ ಕೊಡಿ."

"ಸೀಲೆಲ್ಲ ಇಲ್ಲ. ಇದರಲ್ಲೇ ಹೋಗ್ತದೆ."

"ಸೀಲ್ ಇಲ್ವಾ?" ಅವರು ನನ್ನ ಕೊರಳ ಕಾರ್ಡನ್ನು ಕೈಯಲ್ಲಿ ಹಿಡಿದು, ದೂರಕ್ಕೆ ಚಾಚಿ, ಕಣ್ಣು ಕಿರಿದು ಮಾಡಿ ಓದಿದರು. "ಡಾಟಾ ಎಂಟ್ರಿ... ಇದು ಎಂತ, ಎಂಜಿನಿಯರಾ?"

"ಅಲ್ಲ ಕಾಕ. ಟೈಪ್ ಮಾಡುವವರು."

"ಟೈಪ್ ಮಾಡುವವರು ಪಾಸ್ ಮಾಡುದಾ?"

"ನಾನು ಓದಿದ್ದು ಎಂಜಿನಿಯರಿಂಗೇ" ಎಂದು ತೊದಲಿದೆ.

ಉಮ್ಮರಾಕ ಸಂಕದ ತುದಿಯ ಕಲ್ಲಿನ ಮೇಲೆ ಕೂತರು. "ಅಲ್ಲಿ ಸೌದಿಯಲ್ಲಿ ನಾನು ಒಂದು ಏಣಿಯ ಹಿಡಿಕೆಗೆ ವೆಲ್ಡ್ ಹಾಕಿದ್ರೂ ಇನ್ನೊಬ್ಬ ಬರ್ಬೇಕು. ಅವನು ನೋಡಿ ಸೀಲ್ ಹಾಕ್ಬೇಕು. ಅಲ್ಲಿವರೆಗೆ ಪೈಂಟ್ ಮುಟ್ಟಲಿಕ್ಕಿಲ್ಲ. ಮುಟ್ಟಿದ್ರೆ ಪೂರಾ ಕೆರೆಸ್ತಿದ್ರು, ಬೈಗಳು ಬೇರೆ. ಪೈಂಟಿನ ಅಡಿಯಲ್ಲಿ ಎಂತ ಉಂಟು ಅಂತ ಯಾರಿಗೆ ಗೊತ್ತು?"

"ಹಾಗಾದ್ರೆ ನೀವು ಇಲ್ಲಿ ನಾನು ಬರುವ ಮೊದಲೇ ಯಾಕೆ ಹಾಕಿದ್ರಿ?"

ಸುಮ್ಮನೆ ಕೇಳಿದ್ದು. ಅವರು ಎದ್ದು ಮನೆಗೆ ಹೋಗಿ, ಚೂಪು ಮೂತಿಯ ಸಣ್ಣ ಸುತ್ತಿಗೆಯೊಂದನ್ನು ತಂದರು. ಗರ್ಡರು ದಡದ ಕಾಂಕ್ರೀಟಿನ ಮೇಲೆ ಕೂರುವ ಜಾಗದಲ್ಲಿ, ಎಲೆಕಸ ಮಣ್ಣು ತುಂಬಿದ ಮೂಲೆಯಲ್ಲಿ, ಕುಕ್ಕರಗಾಲಿನಲ್ಲಿ ಕೂತು ನಾಲ್ಕು ಪೆಟ್ಟು ಹಾಕಿದರು. ಮೂರನೆಯದಕ್ಕೆ ಶಬ್ದ ಬದಲಾಯಿತು. ಹೊಸ ಪೈಂಟಿನ ಜೊತೆಗೇ ಕಬ್ಬಿಣ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಉದುರಿತು. ಒಂದು ಚೂರನ್ನು ನನ್ನ ಅಂಗೈಯಲ್ಲಿಟ್ಟರು. ಬೆರಳಲ್ಲೇ ಪುಡಿಯಾಯಿತು.

"ಸರಿಯಾದವರು ಬಂದ್ರೆ ನನ್ನ ಕಳ್ಳತನ ಹಿಡೀತಾರೆ ಅಂತ ಹೆದರಿದ್ದೆ" ಎಂದರು. "ನೀವು ಹಿಡೀಲಿಲ್ಲ. ಈಗ ಅದಕ್ಕಿಂತ ಹೆಚ್ಚು ಹೆದರಿಕೆ ಆಗ್ತದೆ."

ಕಾರಣವನ್ನೂ ಹೇಳಿದರು. ಸೊಸೆ ಸಫಿಯಾಗೆ ಜೂನಿನಲ್ಲಿ ಹೆರಿಗೆಯ ತಾರೀಕು. ಅವಳು ಬಾಗಿಲ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿದ್ದಳು. 'ಇಲ್ಲ' ಎಂದು ಬರೆದರೆ ಇಲಾಖೆಯವರು ಎರಡು ಡ್ರಮ್ಮು ಅಡ್ಡ ಇಟ್ಟು ಹೋಗುತ್ತಾರೆ, ರಿಪೇರಿಗೆ ಯಾರೂ ಬರುವುದಿಲ್ಲ. ಮಳೆ ಹಿಡಿದರೆ ಆ ಬದಿಯ ಮಣ್ಣಿನ ದಾರಿಯಲ್ಲಿ ಜೀಪು ಹೋಗುವುದು ದೇವರಿಗೇ ಪ್ರೀತಿ. 'ಹೌದು' ಎಂದು ಬರೆದರೆ ತುಂಬಿದ ಹೊಳೆಯ ಮೇಲೆ ಅದೇ ಗರ್ಡರು ದಾಟಬೇಕಾದವಳೂ ಅವಳೇ. ಯಾವುದಕ್ಕೂ ಮನಸ್ಸು ಬಾರದೆ ಮನುಷ್ಯ ಪೈಂಟು ಹೊಡೆದಿದ್ದರು.

ಅವರಿಗೆ ಬೇಕಾಗಿದ್ದದ್ದು ಹೌದು, ಇಲ್ಲಗಳಾಚೆಯ ಮೂರನೆಯ ಉತ್ತರ. ಇಲ್ಲಿಷ್ಟು ಕತ್ತರಿಸಿ, ಅಲ್ಲಿ ಈ ದಪ್ಪದ ಪ್ಲೇಟು ಬೆಸೆಯಿರಿ, ಅಲ್ಲಿಯವರೆಗೆ ಒಬ್ಬೊಬ್ಬರೇ ದಾಟಿ ಅಥವಾ ದಾಟಲೇಬೇಡಿ ಎಂದು ನೋಡಿ, ಲೆಕ್ಕ ಹಾಕಿ, ಹೆಸರು ಬರೆದು ಸಹಿ ಹಾಕುವ ಒಬ್ಬ ಎಂಜಿನಿಯರು. ಟ್ಯಾಬಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಒತ್ತಿದ್ದ 'ಹೌದು' ಅಳಿಸಿದೆ. ಷರಾದಲ್ಲಿ ಬರೆದೆ: 'ಗರ್ಡರ್ ತುದಿ ಪದರವಾಗಿ ಎದ್ದಿದೆ. ಎಂಜಿನಿಯರ್ ತುರ್ತಾಗಿ ನೋಡಬೇಕು.' ಫೋಟೋ ಸೇರಿಸಿದೆ. ಇಪ್ಪತ್ತೆರಡನ್ನು ಖಾಲಿ ಬಿಟ್ಟೆ. ಗುಂಪಾಗಿ ದಾಟಬೇಡಿ, ಬೈಕು ತರಲೇಬೇಡಿ ಎಂದು ಉಮ್ಮರಾಕನಿಗೂ ಅಕ್ಕಪಕ್ಕದವರಿಗೂ ಹೇಳಿದೆ. ಅದನ್ನು ಹೇಳಲು ಯಾವ ಲೈಸೆನ್ಸೂ ಬೇಡ.

ಅಂದಿನಿಂದ ಹೋದ ಯಾವ ಸಂಕಕ್ಕೂ ಇಪ್ಪತ್ತೆರಡನ್ನು ತುಂಬಲಿಲ್ಲ. ಫಾರಮ್ಮುಗಳೆಲ್ಲ 'ಅಪೂರ್ಣ' ಎಂದು ಉಳಿದವು. ವಾರ ಕಳೆಯುವುದರೊಳಗೆ ಜಿಲ್ಲಾ ಕಚೇರಿಯ ಕಂಪ್ಯೂಟರ್ ಪರದೆಯ ಮೇಲೆ ನಮ್ಮ ಮೂರು ತಾಲೂಕು ಕೆಂಪಾಗಿ ಕಾಣತೊಡಗಿದವಂತೆ. ದಿನಕರಣ್ಣ ಕರೆಸಿಕೊಂಡರು.

"ಎಂತ ಮಾರಾಯ್ತಿ ನಿಂದು? ಇಪ್ಪತ್ತೊಂದು ತುಂಬ್ಲಿಕ್ಕೆ ಆಗ್ತದೆ, ಇನ್ನೊಂದು ಒತ್ಲಿಕ್ಕೆ ಬೆರಳು ನೋಯ್ತದಾ?"

"ದಿನಕರಣ್ಣ, ನಿಮ್ಮ ವಾಚ್‌ಮನ್ ಹತ್ರ ಆಸ್ಪತ್ರೆಯಲ್ಲಿ ಆಪರೇಷನ್ ಮಾಡ್ಲಿಕ್ಕೆ ಹೇಳ್ತೀರಾ?"

"ಅವ ಮಾಡುದಿಲ್ಲ."

"ಯಾಕೆ?"

"ಅವನಿಗೆ ಬರುದಿಲ್ಲ. ನಿಂಗೆ ಬರ್ತದೆ, ನೀನು ಬಿಇ."

"ಬಿಇಗೆ ಸಂಬಳ ಕೊಡ್ತೀರಾ? ಕಾರ್ಡಿನಲ್ಲಿ ಹಾಗೆ ಬರೀತೀರಾ? ನಾಳೆ ಸಂಕ ಬಿದ್ರೆ ನನ್ನ ಹೆಸರು ಎಂಜಿನಿಯರ್ ಅಂತ ಹೇಳ್ತೀರಾ, ಆಪರೇಟರ್ ಅಂತ ಹೇಳ್ತೀರಾ?"

ದಿನಕರಣ್ಣ ಫ್ಯಾನು ನೋಡಿದರು. "ನೀನು ವಕೀಲೆ ಆಗ್ಬೇಕಿತ್ತು" ಎಂದರು. ಅಂದಿನಿಂದ ನನ್ನ ಹೆಸರು ಅದೇ. "ನನ್ನ ಹತ್ರ ಹೇಳಿ ಏನು ಪ್ರಯೋಜನ? ಟೆಂಡರ್ ಹಾಗೆ ಕರ್ದದ್ದು, ನಾನು ಹಾಗೆ ಹಾಕಿದ್ದು. ಸಾಹೇಬ್ರ ಹತ್ರ ಬಾ."

ಇಲ್ಲಿ ಸ್ವಲ್ಪ ಒಣ ವಿಷಯ ಹೇಳಬೇಕು. ಸರ್ಕಾರ ಏನನ್ನು ಕೊಳ್ಳುವುದಾದರೂ, ತಾನು ಕೊಳ್ಳುತ್ತಿರುವುದು ಸರಕೋ, ಕಾಮಗಾರಿಯೋ, ಸೇವೆಯೋ ಎಂದು ಮೊದಲು ಹೇಳಬೇಕು. ಸೇವೆಯಾದರೆ ಯಾವ ಬಗೆಯದು? ಎಂಜಿನಿಯರನ ತೀರ್ಮಾನವನ್ನು ಕೊಳ್ಳುವುದಾದರೆ ಅದು ಸಮಾಲೋಚನಾ ಸೇವೆ. ಅದರಲ್ಲಿ ಬರುವವರು ಯಾರು, ಏನು ಅನುಭವ, ಲೈಸೆನ್ಸ್ ಉಂಟೇ ಎಂದು ಮೊದಲ ಲಕೋಟೆಯಲ್ಲಿ ನೋಡಿ, ದರದ ಲಕೋಟೆಯನ್ನು ಆಮೇಲೆ ತೆರೆಯುತ್ತಾರೆ. ಕಾವಲು, ಸ್ವಚ್ಛತೆ, ಮಾಹಿತಿ ತುಂಬುವುದು ಇವೆಲ್ಲ ಇತರೆ ಸೇವೆಯ ಪಟ್ಟಿಯವು; ಅಲ್ಲಿ ತಲೆ ಎಣಿಸುತ್ತಾರೆ, ಕಡಿಮೆ ದರದವರಿಗೆ ಕೊಡುತ್ತಾರೆ. ಸಂಕ ನಿಲ್ಲುತ್ತದೆಯೇ ಎಂದು ಹೇಳುವ ಕೆಲಸವನ್ನು ನಮ್ಮ ಇಲಾಖೆ ಎರಡನೆಯ ಪಟ್ಟಿಗೆ ಹಾಕಿತ್ತು. ಇಪ್ಪತ್ತೊಂದು ಕಾಲಂ ನಿಜವಾಗಿಯೂ ಆ ಪಟ್ಟಿಯವೇ. ಇಪ್ಪತ್ತೆರಡನೆಯದು ಅವುಗಳ ಮರೆಯಲ್ಲಿ ಟಿಕೆಟಿಲ್ಲದೆ ಬಸ್ಸು ಹತ್ತಿತ್ತು.

ಟೆಂಡರ್ ಕರೆದ ಇಲಾಖೆಯ ಸಾಹೇಬರು ಘಟ್ಟದ ಮೇಲಿನವರು, ನಮ್ಮ ಕಡೆಗೆ ವರ್ಗವಾಗಿ ಬಂದು ಎರಡು ಮಳೆ ಕಂಡವರು. ತಾವೂ ಎಂಜಿನಿಯರೇ. ಮೇಜಿನ ಮೇಲೆ ಕಡತಗಳ ನಡುವೆ ಬೆವರು ಒರೆಸುವ ಟವೆಲು. ದಿನಕರಣ್ಣ ಗೋಡೆಗೆ ಒರಗಿ ನಿಂತರು; ನನ್ನನ್ನು ಸಾಹೇಬರು ಕೂರಲು ಹೇಳಿದರು.

"ನೋಡಮ್ಮ ವಿನುತಾ, ನೀನು ಬಿಇ ತಾನೇ? ಹೌದೋ ಇಲ್ವೋ ಅಂತ ಹೇಳೋಕೆ ನಿಂಗೇನು ಕಷ್ಟ?"

"ಸಾರ್, ನೀವು ಎಂಜಿನಿಯರ್ ಬೇಕು ಅಂತ ಕರೀಲಿಲ್ಲ. ಮಾಹಿತಿ ತುಂಬುವವರು ಬೇಕು ಅಂತ ಕರ್ದದ್ದು. ಮಾಹಿತಿ ತುಂಬಿದ್ದೇನೆ. ಸಂಕ ನಿಲ್ಲುತ್ತದೆ ಅನ್ನುವುದು ಮಾಹಿತಿ ಅಲ್ಲ ಸಾರ್, ತೀರ್ಮಾನ. ಅದಕ್ಕೆ ಲೈಸೆನ್ಸ್ ಇದ್ದವರು ಬೇಕು, ಅದನ್ನು ನೀವು ಕೊಂಡಿಲ್ಲ."

"ಓಹೋ. ಲೈಸೆನ್ಸು ಲೈಸೆನ್ಸು ಅಂತೀಯಲ್ಲ, ಡಾಕ್ಟರಿಗೆ ವಕೀಲರಿಗೆ ಇರೋ ಹಾಗೆ ಎಂಜಿನಿಯರಿಗೆ ದೇಶಕ್ಕೆಲ್ಲ ಒಂದು ಲೈಸೆನ್ಸು ಎಲ್ಲಿದೆಯಮ್ಮ? ಪಟ್ಟಣದವರು ನೋಂದಣಿ ಮಾಡಿ ಕೊಡ್ತಾರೆ, ಅಷ್ಟೇ. ಆ ಸೀಲು ಹಿಡ್ಕೊಂಡೋರೆಲ್ಲ ಬುದ್ಧಿವಂತರು ಅಂತಾನಾ?"

"ಅಲ್ಲ ಸಾರ್. ಸೀಲು ಬುದ್ಧಿಗೆ ಕೊಡುವ ಪದಕ ಅಂತ ನಾನೂ ನಂಬುವುದಿಲ್ಲ. ತಪ್ಪಾದ್ರೆ ಯಾರ ಮನೆ ಬಾಗಿಲಿಗೆ ಹೋಗ್ಬೇಕು ಅನ್ನುವ ವಿಳಾಸ ಅದು. ಈಗ ಸಂಕ ಬಿದ್ರೆ ಆ ವಿಳಾಸ ಯಾವುದು? ದಿನಕರಣ್ಣನದಾ?"

"ನನ್ನನ್ನು ಯಾಕೆ ಎಳೀತಿ ಮಾರಾಯ್ತಿ?" ಎಂದರು ಗೋಡೆಯ ಹತ್ತಿರದಿಂದ.

ಸಾಹೇಬರು ನಗಲಿಲ್ಲ. ಮುಂದೆ ಬಾಗಿ, ದನಿ ತಗ್ಗಿಸಿ ಹೇಳಿದರು. "ಸಮಾಲೋಚನೆ ಅಂತ ಹಾಕಿದ್ರೆ ಸಮಿತಿ ಆಗ್ಬೇಕು, ಎರಡು ಲಕೋಟೆ ಆಗ್ಬೇಕು, ತಿಂಗಳುಗಟ್ಟಲೆ. ಮಾರ್ಚ್ ಒಳಗೆ ಟೆಂಡರ್ ಆಗದಿದ್ರೆ ಅನುದಾನ ವಾಪಸ್. ಆಗ ಸರ್ವೆಯೇ ಇಲ್ಲ. ಏನೂ ಇಲ್ಲದ್ದಕ್ಕಿಂತ ಇಷ್ಟಾದ್ರೂ ಆಗ್ಲಿ ಅಂತ ಮಾಡ್ದೆ. ನಾನು ಕಳ್ಳ ಅಲ್ಲಮ್ಮ."

ಅದು ಒಳ್ಳೆಯ ವಾದ. ಈಗಲೂ ಒಳ್ಳೆಯ ವಾದ ಎಂದೇ ಹೇಳುತ್ತೇನೆ. ಕಾಲೇಜಿನಲ್ಲಿ ನಮ್ಮ ಚರ್ಚಾ ತಂಡ ನೋಡಿಕೊಳ್ಳುತ್ತಿದ್ದ ಮೇಷ್ಟ್ರು, ಎದುರಿನವರು ಸರಿಯಾದ ಮಾತು ಆಡಿದಾಗ ತಲೆಯಾಡಿಸದವರಿಗೆ ಅಂಕ ಕತ್ತರಿಸುತ್ತಿದ್ದರು. ನಾನು ತಲೆಯಾಡಿಸಿದೆ. ಆಮೇಲೆ ಹೇಳಿದೆ:

"ಸಾರ್, ಸರ್ವೆ ಇಲ್ಲದಿದ್ರೆ ಜನ ಕಾಲಿಟ್ಟು ನೋಡಿ ದಾಟ್ತಾರೆ. ಹೊಳೆ ತುಂಬಿದ್ರೆ ಹೆದರಿ ಹಿಂದೆ ಬರ್ತಾರೆ. ಸರ್ಕಾರವೇ ಯೋಗ್ಯ ಅಂತ ಬರೆದ ಮೇಲೆ ಕಣ್ಣು ಮುಚ್ಚಿ ದಾಟ್ತಾರೆ. ಏನೂ ಇಲ್ಲದ್ದಕ್ಕಿಂತ ಇದು ಕೆಟ್ಟದು."

ಗೆದ್ದೆ ಎಂದುಕೊಂಡೆ. ಸಾಹೇಬರು ಟ್ಯಾಬಿನ ಪಟ್ಟಿ ನನ್ನ ಕಡೆ ತಿರುಗಿಸಿದರು.

"ಇಲ್ಲಿ ಮೂವತ್ತೆಂಟು ಹೌದು ಇದಾವೆ. ಯಾರು ಒತ್ತಿದ್ದು?"

ಆ ದಿನ ಅವರು ಆಡಿದ ಅತ್ಯುತ್ತಮ ಮಾತು ಅದು.

ಹೊರಗೆ ಬಂದು ಕಚೇರಿಯ ಎದುರಿನ ಹೋಟೆಲಿನಲ್ಲಿ ಕೂತೆ. ದಿನಕರಣ್ಣ ಎರಡು ಚಾ ಹೇಳಿದರು. "ಆಯ್ತಲ್ಲ, ಬಾಯಿ ಮುಚ್ತಲ್ಲ. ನಾಳೆಯಿಂದ ಒತ್ತು" ಎಂದರು, ಮೆದುವಾಗಿಯೇ. ಅಂಗಡಿಯಿಂದ ಬಿಳಿ ಹಾಳೆ ತಂದು ಅಲ್ಲೇ ಬರೆಯಲು ಕೂತೆ. ಚಾ ಆರಿತು. ಬರೆದದ್ದು ಅರ್ಧ ಪುಟ: ಇಂತಿಂಥ ಮೂವತ್ತೆಂಟು ಸಂಕಗಳಿಗೆ ನಾನು 'ಯೋಗ್ಯ' ಎಂದು ನಮೂದಿಸಿದ್ದೇನೆ, ಹಾಗೆ ಹೇಳಲು ನಾನು ನೋಂದಾಯಿತ ಎಂಜಿನಿಯರ್ ಅಲ್ಲ, ನನ್ನನ್ನು ಆ ಕೆಲಸಕ್ಕೆ ನೇಮಿಸಿಯೂ ಇಲ್ಲ, ನಾನು ಯಾವ ಪರೀಕ್ಷೆಯನ್ನೂ ಮಾಡಿಲ್ಲ, ಆದ್ದರಿಂದ ಆ ಎಲ್ಲ ನಮೂದುಗಳನ್ನು ಹಿಂತೆಗೆದುಕೊಂಡಿದ್ದೇನೆ, ಮಳೆಗೆ ಮೊದಲು ಇವನ್ನು ಪರಿಣತ ಎಂಜಿನಿಯರಿಂದ ನೋಡಿಸಬೇಕು. ಕೆಳಗೆ ಮೂವತ್ತೆಂಟು ಊರುಗಳ ಹೆಸರು. ಮೂವತ್ತೊಂಬತ್ತನೆಯದಾಗಿ ಉಮ್ಮರಾಕನ ಸಂಕ, ಫೋಟೋ ಸಮೇತ.

ದಿನಕರಣ್ಣ ಓದಿದರು. "ಇದು ಕೊಟ್ರೆ ನಿಂಗೆ ನನ್ನಲ್ಲಿ ಕೆಲಸ ಇರುದಿಲ್ಲ, ಗೊತ್ತುಂಟಲ್ಲ? ನಾನು ತೆಗೀಬೇಕಾಗ್ತದೆ."

"ಗೊತ್ತುಂಟು."

"ಈ ವರ್ಷದ ಅನುಭವ ಪತ್ರ?"

"ಡಾಟಾ ಎಂಟ್ರಿ ಆಪರೇಟರ್ ಅಂತ ಬರೆದುಕೊಡಿ ದಿನಕರಣ್ಣ. ಸತ್ಯವೇ ಅಲ್ವಾ."

ಟಪಾಲು ವಿಭಾಗದಲ್ಲಿ ಎರಡು ಪ್ರತಿ ಕೊಟ್ಟೆ. ಅಲ್ಲಿದ್ದವರು ಓದದೆಯೇ ನಂಬರು ಹಾಕಿ, ನನ್ನ ಪ್ರತಿಯ ಮೇಲೆ 'ಸ್ವೀಕರಿಸಲಾಗಿದೆ' ಎಂದು ನೇರಳೆ ಮೊಹರು ಒತ್ತಿ ಹಿಂದೆ ಕೊಟ್ಟರು. ಸರ್ಕಾರಿ ಕಚೇರಿಯಲ್ಲಿ ಎಷ್ಟು ಕೂಗಿದರೂ ಗೋಡೆ ಕೇಳುತ್ತದೆ. ನಂಬರು ಬಿದ್ದ ಕಾಗದವನ್ನು ಮಾತ್ರ ಸಾಹೇಬರು ಕೇಳಲೇಬೇಕು. ನಾಳೆ ಏನಾದರೂ ಆದರೆ ಅದು ಎದ್ದು ನಿಂತು ಸಾಕ್ಷಿ ಹೇಳುತ್ತದೆ. ಆ ವರ್ಷ ನನ್ನ ಪಾಲಿಗೆ ಬಂದ ಒಂದೇ ಮೊಹರು ಅದು.

ಮುಂದೆ ನಡೆದದ್ದು ಜಯಭೇರಿಯೇನಲ್ಲ. ಹದಿನೈದು ದಿನ ಯಾರೂ ಏನೂ ಮಾಡಲಿಲ್ಲ. ನಾನು ಕೆಲಸವಿಲ್ಲದೆ ಸುಳ್ಯದ ಮನೆಯಲ್ಲಿ ಕೂತು ಅಮ್ಮನ ಮುಖ ನೋಡುತ್ತಿದ್ದೆ. ಆಮೇಲೆ ಸಾಹೇಬರೇ ದಾರಿ ಹುಡುಕಿದರು. ಅನುಮಾನ ಬಂದ ಕೆಲವು ಸಂಕಗಳನ್ನು ಬೇರೆ ಮಾಡಿ, ತುರ್ತು ಎಂದು ಬರೆದು, ಸಮಾಲೋಚನಾ ಸೇವೆಯ ಪಟ್ಟಿಯಲ್ಲಿ ಒಬ್ಬ ಲೈಸೆನ್ಸ್ ಇದ್ದ ಸ್ಟ್ರಕ್ಚರಲ್ ಎಂಜಿನಿಯರನ್ನು ಮಂಗಳೂರಿನಿಂದ ಕರೆಸಿದರು. ಮನಸ್ಸು ಮಾಡಿದರೆ ಆಗುತ್ತಿತ್ತು ಎಂದ ಹಾಗಾಯಿತು. ಅದನ್ನು ಅವರ ಎದುರು ಹೇಳುವ ಅವಕಾಶ ನನಗೆ ಸಿಗಲಿಲ್ಲ, ಆದ್ದರಿಂದ 'ಹೇಳಿದ್ದೆನಲ್ಲ' ಎಂದು ಇಲ್ಲಿ ಹೇಳಿಬಿಡುತ್ತೇನೆ.

ಉಮ್ಮರಾಕ ಫೋನ್ ಮಾಡಿದ್ದರಿಂದ ನಾನೂ ಹೋಗಿದ್ದೆ. ಬಂದವರು ಅರವತ್ತು ದಾಟಿದ ಹೆಂಗಸು, ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು. ಬಂದವರೇ ಬೊಂಡ ಬೇಡ ಎಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ದಡದ ಮಣ್ಣಿನ ಮೇಲೆ ಗೋಣಿ ಹಾಸಿ ಹೊಟ್ಟೆಯಡಿಯಾಗಿ ಮಲಗಿ, ಟಾರ್ಚು ಹಿಡಿದು ಗರ್ಡರಿನ ಅಡಿ ನೋಡಿದರು. ನಾನು ಹತ್ತು ನಿಮಿಷದಲ್ಲಿ ಮುಗಿಸಿದ್ದ ಸಂಕದಲ್ಲಿ ಅವರು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಇದ್ದರು. ಉಮ್ಮರಾಕ ಸುತ್ತಿಗೆ ಹಿಡಿದು, ಪರೀಕ್ಷೆಗೆ ಬಂದ ವಿದ್ಯಾರ್ಥಿಯ ಹಾಗೆ ಪಕ್ಕದಲ್ಲಿ ನಿಂತಿದ್ದರು.

"ಪೈಂಟ್ ಯಾರು ಹೊಡೆದದ್ದು?" ಎಂದು ಅವರು ಅಡಿಯಿಂದಲೇ ಕೇಳಿದರು.

"ನಾನು, ಮೇಡಂ."

"ಕೆರೆಯಿರಿ."

ಉಮ್ಮರಾಕ ನನ್ನ ಕಡೆ ನೋಡಿ ನಕ್ಕರು. ಸೌದಿಯ ಬೈಗಳು ಊರಿಗೇ ಬಂದ ಸಂತೋಷ ಆ ಮುಖದಲ್ಲಿತ್ತು.

ಎರಡು ಪುಟದ ವರದಿ ಬಂತು, ಕೆಳಗೆ ದುಂಡನೆಯ ಸೀಲು. ಸಂಕ ಮುಚ್ಚಿ, ಗರ್ಡರಿನ ತುದಿಗಳನ್ನು ಕತ್ತರಿಸಿ ಹೊಸ ಪ್ಲೇಟು ಬೆಸೆದು, ಕೂರುವ ಜಾಗ ಎತ್ತರಿಸಬೇಕು ಎಂದು. ಕೆಲಸ ಶುರುವಾಗುವುದರೊಳಗೆ ಮಳೆ ಹಿಡಿಯಿತು. ಹೊಸ ಪ್ಲೇಟು ಬೆಸೆದು ಮುಗಿಯುವವರೆಗೆ ಸಂಕ ಮೂರು ವಾರ ಬಂದ್. ಜನ ಸುತ್ತುದಾರಿಯ ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು. ಕಡಬದ ಬಸ್ಸಿನಲ್ಲಿ ಒಬ್ಬಾಕೆ ನನ್ನನ್ನು ಗುರುತು ಹಿಡಿದು, ಪಕ್ಕದವಳಿಗೆ ಕೇಳುವಷ್ಟು ಜೋರಾಗಿ ಹೇಳಿದಳು: "ಇದೇ ಹುಡುಗಿ. ಚಂದ ಇದ್ದ ಸಂಕವನ್ನು ಬಾಯಿಯಲ್ಲೇ ಮುರಿದವಳು." ಸಫಿಯಾಳನ್ನು ಮೇ ಕೊನೆಯಲ್ಲೇ ಉಪ್ಪಿನಂಗಡಿಯ ತವರಿಗೆ ಕಳಿಸಿದ್ದರು, ಹೆಣ್ಣು ಮಗು ಅಲ್ಲಿ ಆಯಿತು. ನನ್ನ ಮೂವತ್ತೆಂಟರಲ್ಲಿ ಇನ್ನೂ ಎರಡನ್ನು ಆ ಎಂಜಿನಿಯರು ಮುಚ್ಚಿಸಿದರು. ಆ ಎರಡರ ಮೇಲೂ ನಾನು ಹಾರಿದ್ದೆ, ಎರಡಕ್ಕೂ 'ಹೌದು' ಎಂದಿದ್ದೆ. ಯಾರಾದರೂ ನನ್ನನ್ನು ಧೈರ್ಯವಂತೆ ಎಂದಾಗ ಆ ಎರಡು ಊರುಗಳ ಹೆಸರು ಬಾಯಿಗೆ ಬರುತ್ತದೆ.

ಆ ಎಂಜಿನಿಯರೇ ಆಮೇಲೆ ನನ್ನನ್ನು ತಮ್ಮ ಕಚೇರಿಗೆ ಸೇರಿಸಿಕೊಂಡರು. ವರ್ಷಗಳ ಕಾಲ ಗೋಣಿಯ ಮೇಲೆ ಮಲಗಿ ಟಾರ್ಚು ಹಿಡಿದೆ. ಈ ವರ್ಷ ನನ್ನದೇ ನೋಂದಣಿಯಾಯಿತು. ಸೀಲು ಬಂತು.

ದಿನಕರಣ್ಣನ ಫೋನಿಗೆ ಮರಳುತ್ತೇನೆ. ಈ ಸಲದ ಟೆಂಡರನ್ನು ಊಟದ ನಡುವೆಯೇ ಫೋನಿನಲ್ಲಿ ತೆರೆದು ನೋಡಿದೆ. ಮತ್ತೆ ಇತರೆ ಸೇವೆ, ಮತ್ತೆ ತಲೆ ಲೆಕ್ಕ. ಒಂದೇ ಬದಲಾವಣೆ: ಷರತ್ತುಗಳ ಕೊನೆಯಲ್ಲಿ, 'ಲೈಸೆನ್ಸ್ ಹೊಂದಿದ ಎಂಜಿನಿಯರರ ದೃಢೀಕರಣ ಲಗತ್ತಿಸತಕ್ಕದ್ದು.' ಎಂಜಿನಿಯರನ್ನು ಲಗತ್ತು ಮಾಡಿದ್ದಾರೆ, ರೇಷನ್ ಕಾರ್ಡಿನ ಜೆರಾಕ್ಸಿನ ಹಾಗೆ. ಪೈಂಟು ಮಾತ್ರ ಬದಲಾಗಿದೆ. ಆಗ ಉಮ್ಮರಾಕ ಹೊಡೆದಿದ್ದರು, ಈಗ ನನ್ನ ಸೀಲಿನಿಂದ ಹೊಡೆಸಬೇಕೆಂದಿದ್ದಾರೆ.

ಊಟ ಮುಗಿಸಿ ಫೋನ್ ಮಾಡಿದೆ. "ದಿನಕರಣ್ಣ, ಸೀಲು ಒಂದೇ ಬರುವುದಿಲ್ಲ. ನನ್ನ ಜೊತೆ ಬರ್ತದೆ, ಪ್ರತಿ ಸಂಕಕ್ಕೂ. ಒಂದೊಂದಕ್ಕೆ ಅರ್ಧ ದಿನ."

"ಅರ್ಧ ದಿನವಾ! ನನ್ನ ದರಕ್ಕೆ ಅದು ಆಗುದಿಲ್ಲ ಮಾರಾಯ್ತಿ."

"ನಿಮ್ಮ ದರಕ್ಕೆ ಆಗುದಿಲ್ಲ, ಒಪ್ಪಿದೆ. ಅದಕ್ಕೇ ಇದು ನಿಮ್ಮ ಪಟ್ಟಿಯ ಕೆಲಸ ಅಲ್ಲ. ಟೆಂಡರಿಗೆ ಮೊದಲಿನ ಸಭೆ ಉಂಟಲ್ಲ, ಅಲ್ಲಿ ಬರವಣಿಗೆಯಲ್ಲಿ ಆಕ್ಷೇಪ ಕೊಡ್ತೇನೆ. ಇಪ್ಪತ್ತೆರಡನೆಯ ಕಾಲಮ್ಮನ್ನು ತೆಗೆದು ಬೇರೆ ಕರೀರಿ ಅಂತ. ನೀವೂ ಒಂದು ಕೊಡಿ. ವಾಚ್‌ಮನ್‌ಗೆ ರೈನ್‌ಕೋಟು ಕೊಡುವವರು ನೀವು, ಎಂಜಿನಿಯರಿಂಗ್ ಎಂತಕ್ಕೆ ನಿಮಗೆ?"

"ನಾನು ಕೊಡದಿದ್ರೆ ಬೇರೆ ಯಾರದ್ದಾದ್ರೂ ಸೀಲು ಸಿಗ್ತದೆ, ವಕೀಲೆ."

"ಸಿಗ್ತದೆ. ನನ್ನದು ಸಿಗುದಿಲ್ಲ."

ಆಕ್ಷೇಪ ಕೊಟ್ಟಿದ್ದೇನೆ. ನಂಬರು ಬಿದ್ದಿದೆ. ಏನಾಗುತ್ತದೋ ಗೊತ್ತಿಲ್ಲ, ಸೋಲಬಹುದು. ಆದರೆ ಈ ಸಲ ಮೇಜಿನ ಹಿಂದೆ ಕೂತವರು ಯಾರೂ ನನ್ನ ಮೂವತ್ತೆಂಟನ್ನು ಎತ್ತಿ ತೋರಿಸಲಾರರು.

ಅಳತೆ ಟೇಪು ಕೊಂಡದ್ದು ಯಾತಕ್ಕೆ ಎಂದು ಹೇಳಲಿಲ್ಲ. ಉಮ್ಮರಾಕ ಕರೆದಿದ್ದರು, ಮಳೆಗೆ ಮೊದಲು ಒಮ್ಮೆ ನೋಡಿ ಹೋಗಿ ಎಂದು. ಯಾವ ಟೆಂಡರೂ ಇಲ್ಲ, ಅವರ ಮಾತಷ್ಟೇ. ಭಾನುವಾರ ಹೋದೆ. ಸಂಕದ ತುದಿಯ ಕಲ್ಲಿನ ಮೇಲೆ ಉಮ್ಮರಾಕ ಕೂತಿದ್ದರು, ಪಕ್ಕದಲ್ಲಿ ಮುಚ್ಚಳ ತೆರೆಯದ ರೆಡ್ ಆಕ್ಸೈಡ್ ಡಬ್ಬಿ, ಹೊಸ ಬ್ರಷ್ಷು. ಗರ್ಡರಿನ ತುದಿಯ ಎಲೆಕಸವನ್ನೆಲ್ಲ ತೆಗೆದು, ಹಳೆಯ ಪೈಂಟನ್ನು ಪೂರ್ತಿ ಕೆರೆದು, ಕಬ್ಬಿಣವನ್ನು ಬರಿಮೈ ಮಾಡಿ ಇಟ್ಟಿದ್ದರು.

"ಡಬ್ಬಿ ಮುಟ್ಲಿಲ್ಲ ಮಗಳೇ" ಎಂದರು. "ನೀವು ನೋಡಿದ ಮೇಲೆಯೇ. ಸೀಲ್ ತಂದಿದ್ದೀರಾ?"

"ತಂದಿದ್ದೇನೆ ಕಾಕ. ಮೊದಲು ಸುತ್ತಿಗೆ ಕೊಡಿ."